ಕಾವಲಿಗೆ ಕೂತ ಮಧ್ಯಾಹ್ನ

ಶುಕ್ರವಾರ ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷ. ಕರೆಗಂಟೆ ಕೇಳಿ ಏಳುವಾಗ ಒವನ್ನಿನ ಮೇಲಿದ್ದ ಗಡಿಯಾರದ ಹಸಿರು ಅಂಕಿಗಳನ್ನು ನೋಡಿದ್ದೆ, ಹಾಗಾಗಿ ಹೊತ್ತು ಖಚಿತವಾಗಿ ನೆನಪಿದೆ. ಬಾಗಿಲು ತೆಗೆದರೆ ಪಕ್ಕದ ಮನೆಯಾಕೆ. ಡಿಸೆಂಬರ್ ಚಳಿಯಲ್ಲಿ ಕೋಟಿಲ್ಲದೆ, ಕೈಯಲ್ಲಿ ಆಲೂಗಡ್ಡೆ ಸುಲಿಯುವ ಚಾಕು ಹಿಡಿದುಕೊಂಡೇ ಬಂದಿದ್ದಳು.

"ಬಾಯ್ಲರ್ ರಿಪೇರಿಯವನು ಬಂದಿದಾನೆ. ಬೆಳಿಗ್ಗೆ ಬರಬೇಕಾದವನು ಈಗ ಬಂದ. ನಮ್ಮನೆಯವರು ಮೀನು ತರೋಕೆ ಹೋಗಿದಾರೆ, ದೊಡ್ಡ ಮಕ್ಕಳು ಅಜ್ಜಿ ಮನೇಲಿದಾರೆ. ಅರ್ಧ ಗಂಟೆ ಬಂದು ಕೂತ್ಕೋತೀಯಾ?"

"ಸುಮ್ನೆ ಕೂತ್ಕೊಂಡಿರೋದಾ?"

"ಸುಮ್ನೆ ಕೂತ್ಕೊಂಡಿರೋದು. ನಿನಗೆ ಅದು ಚೆನ್ನಾಗಿ ಬರುತ್ತಲ್ಲ," ಎಂದು ನಕ್ಕಳು.

ನಾನೂ ನಗುತ್ತಲೇ ಓದುತ್ತಿದ್ದ ಪುಸ್ತಕದ ಪುಟದ ನಡುವೆ ಬೆರಳಿಟ್ಟುಕೊಂಡು ಅವಳ ಹಿಂದೆ ಹೊರಟೆ.

ಹೊಸ ಶತಮಾನ ಬರಲು ಕೆಲವೇ ವಾರಗಳಿದ್ದವು. ಜನವರಿ ಒಂದರಂದು ಕಂಪ್ಯೂಟರುಗಳಿಗೆಲ್ಲ ವರ್ಷ ತಪ್ಪಿಹೋಗುತ್ತದೆಂಬ ಭಯದಲ್ಲಿ ನನ್ನವರ ಆಫೀಸು ಹಗಲುರಾತ್ರಿ ನಡೆಯುತ್ತಿತ್ತು. ಮೈಸೂರಿನಲ್ಲಿ ಕಾಲೇಜು ಹುಡುಗಿಯರಿಗೆ ಸಸ್ಯಶಾಸ್ತ್ರ ಕಲಿಸುತ್ತಿದ್ದ ನಾನು ಇಲ್ಲಿ ಕೆಲಸವಿಲ್ಲದೆ ಲೈಬ್ರರಿ ಪುಸ್ತಕಗಳನ್ನು ಓದಿ ದಿನ ಕಳೆಯುತ್ತಿದ್ದೆ. ಮದುವೆಯಾಗಿ ಏಳು ವರ್ಷವಾಗಿತ್ತು. ಎರಡು ಸಲ ಬಸಿರು ನಿಂತದ್ದು ಉಳಿಯಲಿಲ್ಲ. ಮ್ಯಾಂಚೆಸ್ಟರಿನ ಕನ್ನಡದವರು ಹೆಚ್ಚಾಗಿ ಇದ್ದದ್ದು ದಕ್ಷಿಣದ ಡಿಡ್ಸ್‌ಬರಿಯಲ್ಲಿ. ಆಸ್ಪತ್ರೆಯ ಡಾಕ್ಟರುಗಳು, ದೊಡ್ಡ ದೊಡ್ಡ ಮರಗಳ ಕೆಳಗಿನ ಮನೆಗಳವರು. ನಾವಿದ್ದದ್ದು ಊರಿನ ಉತ್ತರಕ್ಕೆ, ನನ್ನವರ ಆಫೀಸಿಗೆ ಹತ್ತಿರವೆಂದು ಹಿಡಿದ ಮನೆಯಲ್ಲಿ. ಬೀದಿಯ ತುಂಬ ಯೆಹೂದ್ಯರೇ. ಕಪ್ಪು ಟೋಪಿಯ ಗಂಡಸರು, ಒಬ್ಬೊಬ್ಬರ ಹಿಂದೆ ಸಾಲಾಗಿ ಮಕ್ಕಳು. ಸಂಪ್ರದಾಯವನ್ನು ಬಿಗಿಯಾಗಿ ಹಿಡಿದವರು.

ಪಕ್ಕದ ಮನೆಯಾಕೆಗೆ ನನ್ನಷ್ಟೇ ವಯಸ್ಸು. ನಾಲ್ಕು ಮಕ್ಕಳು, ಕೊನೆಯವಳಿಗೆ ಮೂರೂವರೆ ವರ್ಷ. ಆ ಕೊನೆಯವಳು ನನ್ನ ಹೆಸರು ನಾಲಗೆಗೆ ತಿರುಗದೆ "ಮಿಸೆಸ್ ನೆಕ್ಸ್ಟ್‌ಡೋರ್" ಎಂದು ಕರೆಯುತ್ತಿದ್ದಳು. ಮಕ್ಕಳ ಅಪ್ಪ ಹುಡುಗರ ಶಾಲೆಯಲ್ಲಿ ಮೇಷ್ಟ್ರು. ನನ್ನವರ ಜೊತೆ ಬೇಲಿಯ ಆಚೀಚೆ ನಿಂತು ಕ್ರಿಕೆಟ್ಟಿನ ವಿಷಯ ಮಾತನಾಡುವರು. ನಾನು ಎದುರಾದರೆ ಮಾತ್ರ ಕಣ್ಣು ಕೆಳಗೆ. "ಗುಡ್ ಮಾರ್ನಿಂಗ್" ಎನ್ನುವುದನ್ನೂ ನಮ್ಮ ಗೇಟಿನ ಕಂಬಕ್ಕೆ ಹೇಳುವರು.

"ನಿನ್ನ ಸ್ನೇಹಿತೆ ಯಜಮಾನ್ರು ನಮ್ಮ ಕಂಬಾನ ಎಷ್ಟು ಗೌರವವಾಗಿ ಮಾತಾಡಿಸ್ತಾರೆ ನೋಡು," ಎಂದು ನನ್ನವರು ಕಾಡುತ್ತಿದ್ದರು.

"ಕಂಬ ಪುಣ್ಯ ಮಾಡಿದೆ ಬಿಡ್ರೀ. ನನ್ನ ಕಡೆ ನೀವೂ ನೋಡಲ್ಲ, ಅವರೂ ನೋಡಲ್ಲ."

ಮೊದಮೊದಲು ಬೇಸರವಾದದ್ದು ನಿಜ. ಆಮೇಲೆ ಒಂದು ದಿನ ಅವಳನ್ನೇ ಕೇಳಿದೆ. ಅವಳು ಬಟ್ಟೆ ಒಣಹಾಕುತ್ತಿದ್ದಳು. ಗಂಡುಮಕ್ಕಳ ಒಳಅಂಗಿಗಳ ನಾಲ್ಕು ಮೂಲೆಗೂ ಉದ್ದುದ್ದ ಬಿಳಿ ದಾರಗಳ ಗೊಂಡೆಗಳು ಜೋಲುತ್ತಿದ್ದವು. ಅದನ್ನೇ ಹಿಡಿದು ತೋರಿಸಿದಳು.

"ಇದು ಯಾಕೆ ಗೊತ್ತಾ? ಇದನ್ನ ನೋಡಿದಾಗ ನೆನಪಾಗಬೇಕು, ಕಣ್ಣಿನ ಹಿಂದೆ ಹೋಗಬಾರದು, ಮನಸ್ಸಿನ ಹಿಂದೆ ಹೋಗಬಾರದು ಅಂತ. ಕಣ್ಣು ಮೊದಲು ಹೋಗಿ ನೋಡಿಕೊಂಡು ಬರುತ್ತೆ. ಮನಸ್ಸು ಅದರ ಹಿಂದೆ ಹೋಗುತ್ತೆ. ಕಾಲು ಕೊನೆಗೆ. ಕಾಲನ್ನ ಹಿಡಿಯೋದಕ್ಕಿಂತ ಕಣ್ಣನ್ನ ಹಿಡಿಯೋದು ಸುಲಭ, ಅದಕ್ಕೇ ಅವರು ಕೆಳಗೆ ನೋಡ್ತಾರೆ. ನಿನ್ನ ಮೇಲೆ ಕೋಪ ಅಲ್ಲ."

ನನಗೆ ಅದು ತೀರ ಹೊಸದೇನೂ ಆಗಿರಲಿಲ್ಲ. ಮಡಿಯುಟ್ಟು ಅಡಿಗೆ ಮಾಡುವಾಗ ಮೊಮ್ಮಕ್ಕಳನ್ನೂ ದೂರ ನಿಲ್ಲಿಸುತ್ತಿದ್ದ ಅಜ್ಜಿಯ ಮನೆಯಲ್ಲಿ ಬೆಳೆದವಳು ನಾನು. ಆದರೆ ಅಜ್ಜಿಯ ಮಡಿ ಬಟ್ಟೆಗೆ, ಪಾತ್ರೆಗೆ, ಮೈಗೆ. ಇವರದ್ದು ಒಳಗಿನ ಯೋಚನೆಗೂ ಮಡಿ.

ಯಿಖುದ್ ಎಂಬ ನಿಯಮವನ್ನೂ ಹಾಗೆಯೇ ತಿಳಿದುಕೊಂಡೆ. ಹತ್ತಿರದ ನೆಂಟಸ್ತಿಕೆ ಇಲ್ಲದ ಗಂಡಸು ಹೆಂಗಸು ಮುಚ್ಚಿದ ಬಾಗಿಲ ಒಳಗೆ ಇಬ್ಬರೇ ಇರಕೂಡದು. ಪ್ಲಂಬರ್ ಬರಲಿ, ಡಾಕ್ಟರು ಬರಲಿ, ಬೀದಿಯ ಬಾಗಿಲನ್ನು ಓರೆ ಮಾಡಿಡುತ್ತಾರೆ. ಯಾರು ಯಾವಾಗ ಬೇಕಾದರೂ ಒಳಗೆ ಬರಬಹುದು ಎನ್ನುವಂತಿರಬೇಕು. ಜೊತೆಗೆ ಇನ್ನೊಬ್ಬಳು ಹೆಂಗಸಿದ್ದರೆ ಒಳ್ಳೆಯದು.

"ಆ ಬಾಯ್ಲರ್ ಮನುಷ್ಯನಿಗೆ ಅರವತ್ತು ದಾಟಿದೆ. ಮಂಡಿ ನೋವು ಅಂತ ಕೂರೋಕೆ ಆಗಲ್ಲ, ಏಳೋಕೆ ಆಗಲ್ಲ," ಎಂದು ನಾನು ಒಮ್ಮೆ ತಮಾಷೆ ಮಾಡಿದ್ದೆ.

"ನಮ್ಮ ಶಾಸ್ತ್ರ ಯಾರನ್ನೂ ನಂಬಲ್ಲ," ಎಂದಿದ್ದಳು. "ನನ್ನನ್ನ ನಂಬಲ್ಲ, ನಮ್ಮ ಗುರು ರಬ್ಬಿನ ನಂಬಲ್ಲ, ಅವನ ಮಂಡಿನೂ ನಂಬಲ್ಲ. ಎಲ್ಲರ ಮೇಲೂ ಒಂದೇ ಥರ ಸಂಶಯ, ಹಾಗಾಗಿ ಯಾರಿಗೂ ಅವಮಾನ ಇಲ್ಲ."

"ಹಾಗಾದ್ರೆ ನಾನು ಬಂದು ಕೂತ ಮೇಲೂ ಬಾಗಿಲು ಯಾಕೆ ತೆಗೆದಿಡ್ತೀಯ? ಗಡಗಡ ನಡುಗ್ತಾ ಇದೀನಿ."

"ನೀನು ನಮ್ಮವಳಲ್ಲವಲ್ಲ. ನೀನೊಬ್ಬಳೇ ಸಾಕಾಗಲ್ಲ."

"ಅಂದ್ರೆ ನಾನು ಅರ್ಧ ಕಾವಲು, ಬಾಗಿಲು ಇನ್ನರ್ಧ."

ಅವಳಿಗೆ ಅದು ತುಂಬ ಇಷ್ಟವಾಗಿ ಗಂಡನಿಗೂ ಹೇಳಿದ್ದಳಂತೆ. ಅವರೂ ನಕ್ಕಿದ್ದರಂತೆ.

ಆ ಶುಕ್ರವಾರವೂ ಎಲ್ಲ ಹಾಗೆಯೇ ಇತ್ತು. ಬೀದಿಯ ಬಾಗಿಲು ಗಾಳಿಗೆ ಮುಚ್ಚಿಕೊಳ್ಳದಂತೆ ಸಂದಿಯಲ್ಲಿ ಮಗನೊಬ್ಬನ ಕಪ್ಪು ಬೂಟು. ನಡುಮನೆಯ ಮೇಜಿಗೆ ಬಿಳಿ ಬಟ್ಟೆ ಹಾಸಿ ಮೇಣದಬತ್ತಿಗಳನ್ನು ಸಿಕ್ಕಿಸಿಯಾಗಿತ್ತು. ಸೂರ್ಯ ಮುಳುಗಿದರೆ ಅವರ ವಾರದ ವಿರಾಮದ ದಿನ, ಶಬ್ಬಸ್, ಶುರು. ಶನಿವಾರ ಕತ್ತಲಾಗಿ ನಕ್ಷತ್ರ ಕಾಣುವ ತನಕ ಬೆಂಕಿ ಹೊತ್ತಿಸುವ ಹಾಗಿಲ್ಲ, ಸ್ವಿಚ್ಚು ಮುಟ್ಟುವ ಹಾಗಿಲ್ಲ. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕಕ್ಕೆ ಮುಂಚೆಯೇ ಸೂರ್ಯ ಹೋಗಿಬಿಡುತ್ತಾನೆ. ಅಷ್ಟರೊಳಗೆ ಬಾಯ್ಲರ್ ಸರಿಯಾಗದಿದ್ದರೆ ಮನೆಯೆಲ್ಲ ಮರುದಿನ ಸಂಜೆಯವರೆಗೆ ಕೊರೆಯುತ್ತದೆ.

ಅಡಿಗೆಮನೆಯ ಮೂಲೆಯ ಕಪಾಟಿನೊಳಗೆ ಬಾಯ್ಲರ್. ರಿಪೇರಿಯವನು ಅದರೊಳಗೆ ತಲೆ ತೂರಿಸಿ, "ಆಗುತ್ತೆ ಲವ್, ಆಗುತ್ತೆ," ಎನ್ನುತ್ತಿದ್ದ. ಇಲ್ಲಿಯ ಕೆಲಸದವರು ಎಲ್ಲ ಹೆಂಗಸರನ್ನೂ ಲವ್ ಎಂದೇ ಕರೆಯುವುದು. ಅವನು ಹಾಗೆಂದಾಗಲೆಲ್ಲ ಅವಳು ನನ್ನ ಕಡೆ ನೋಡಿ ಹುಬ್ಬು ಹಾರಿಸುವಳು. ಅವಳು ಸಿಂಕಿನ ಹತ್ತಿರ ನಿಂತು ಶನಿವಾರದ ಸಾರಿಗೆ ಆಲೂಗಡ್ಡೆ ಸುಲಿಯುತ್ತಿದ್ದಳು. ನಾನು ಅಡಿಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತೆ, ಇಬ್ಬರೂ ಕಾಣುವಂತೆ. ಬೀದಿಬಾಗಿಲು ನನ್ನ ಬೆನ್ನ ಹಿಂದೆ ಇತ್ತು. ಮಗು ನನ್ನ ಹಿಂದೆಯೇ ಹಜಾರದಲ್ಲಿ ಅಣ್ಣಂದಿರ ಬೂಟುಗಳನ್ನು ಜೋಡಿಸಿ ಆಡುತ್ತಿದ್ದಳು.

ಈ ಕುರ್ಚಿಯನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ತಿರುಗಿಸಿ ಹಾಕಿದ್ದೇನೋ. ನನ್ನ ಮಟ್ಟಿಗೆ ಕಾವಲೆಂದರೆ ಒಳಗಿರುವ ಇಬ್ಬರನ್ನು ಕಾಯುವುದು. ನಿಯಮ ಇದ್ದದ್ದೇ ಅದಕ್ಕೆ. ಅವಳ ಮಟ್ಟಿಗೆ, ಹಜಾರದ ಪಕ್ಕದಲ್ಲೇ ನಾನು ಕೂತಿದ್ದೇನೆ ಎಂದಮೇಲೆ ಮಗು ನನ್ನ ಕಣ್ಣಳತೆಯಲ್ಲಿದೆ. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ. ಹೇಳಿಕೊಳ್ಳಬೇಕೆಂದು ತೋಚಲೂ ಇಲ್ಲ.

ಅವಳು ತಿರುಗಿ, "ಅವಳೆಲ್ಲಿ?" ಎಂದಳು.

"ಇಲ್ಲೇ ಇದಾಳಲ್ಲ," ಎನ್ನುತ್ತಾ ಹಿಂದೆ ನೋಡಿದೆ. ಬೂಟುಗಳು ಸಾಲಾಗಿದ್ದವು. ಬಾಗಿಲ ಸಂದಿಯ ಬೂಟೂ ಆ ಸಾಲಿಗೆ ಬಂದು ಸೇರಿತ್ತು. ಬಾಗಿಲು ಪೂರ್ತಿ ತೆರೆದಿತ್ತು.

ನಾನೇ ಮೊದಲು ಓಡಿದ್ದು. ನಮ್ಮ ಬೀದಿ ಹೋಗಿ ಮುಖ್ಯರಸ್ತೆಗೆ ಸೇರುವುದು ಮೂರೇ ಮನೆಯಾಚೆ. ತಿರುವಿಗೆ ಬಂದಾಗ ಮಗು ಕಂಡಿತು. ರಸ್ತೆಯ ನಡುವೆ, ದಾಟುವವರು ನಿಲ್ಲಲೆಂದು ಕಟ್ಟಿರುವ ಕಲ್ಲಿನ ಕಟ್ಟೆಯ ಮೇಲೆ, ಹಳದಿ ಗೂಟಕ್ಕೆ ಕೈಯಿಟ್ಟುಕೊಂಡು ನಿಂತಿದ್ದಳು. ಅರ್ಧ ರಸ್ತೆ ಹೇಗೆ ದಾಟಿದಳೋ, ಯಾರಿಗೂ ತಿಳಿಯದು. ಪ್ರತಿ ಶುಕ್ರವಾರ ಅಪ್ಪನ ಕೈಹಿಡಿದು ಬೇಕರಿಗೆ ಹೋಗುತ್ತಿದ್ದ ದಾರಿ ಅದು. ಎರಡೂ ಕಡೆ ವಾಹನಗಳು, ದೀಪ ಹಚ್ಚಿಕೊಂಡು. ಶುಕ್ರವಾರದ ಅವಸರ.

ಆಚೆಯ ಫುಟ್‌ಪಾತಿನಲ್ಲಿ ಅವರಪ್ಪ ಬರುತ್ತಿದ್ದರು. ಎರಡೂ ಕೈಗಳಲ್ಲಿ ಚೀಲ. ಬಸ್‌ ಸ್ಟಾಪಿನಲ್ಲಿ ಕಾಲೇಜು ಹುಡುಗಿಯರ ಗುಂಪು ನಿಂತಿತ್ತು. ಅವರು ಟೋಪಿಯ ಅಂಚು ಮುಂದಕ್ಕೆ ಬಾಗಿಸಿ, ನೆಲದ ಕಲ್ಲುಗಳನ್ನೇ ನೋಡುತ್ತಾ ಆ ಗುಂಪನ್ನು ಹಾಯುತ್ತಿದ್ದರು. ತಲೆಯೆತ್ತಿದ್ದರೆ ಮಗಳು ಎದುರಿಗೇ ಇದ್ದಳು.

ನಾನು ಅವರನ್ನು ಕರೆಯಬೇಕಾಗಿತ್ತು. ಏನೆಂದು ಕರೆಯಲಿ? ಎರಡು ವರ್ಷದಲ್ಲಿ ಒಂದು ಸಲವೂ ಅವರನ್ನು ನೇರವಾಗಿ ಕರೆದವಳಲ್ಲ. ಅವರಲ್ಲಿ ಆ ಬಳಕೆ ಇಲ್ಲ. ನಾನೋ, ಕಟ್ಟಿಕೊಂಡ ಗಂಡನನ್ನೂ ಹೆಸರು ಹಿಡಿದು ಕೂಗದೆ ರೀ ಎನ್ನುವವಳು. ಇನ್ನೊಬ್ಬಳ ಗಂಡನ ಹೆಸರು ಬಾಯಿಗೆ ಬರಲಿಲ್ಲ. ಬಂದದ್ದು ಆ ಮನೆಯಲ್ಲಿ ದಿನಾ ಕಿವಿಗೆ ಬೀಳುತ್ತಿದ್ದ, ಮಕ್ಕಳು ಅಪ್ಪನನ್ನು ಕರೆಯುವ ಮಾತು.

"ಟಾಟೀ!" ಎಂದು ಕಿರುಚಿದೆ.

ಅವರು ತಲೆಯೆತ್ತಿದರು. ಮಗುವೂ ತಲೆಯೆತ್ತಿತು. ನಾನು ಕರೆದ ಮಾತು ಅವಳದ್ದು. ಅಪ್ಪ ಎಲ್ಲೋ ಇದ್ದಾರೆಂದು ಅವಳು ಸುತ್ತ ನೋಡಿದಳು. ಕಂಡರು. ಮುಖ ಅರಳಿದ್ದು ನನಗೆ ಅಷ್ಟು ದೂರದಿಂದಲೂ ಗೊತ್ತಾಯಿತು, ಏಕೆಂದರೆ ಎರಡೂ ಕೈ ಮೇಲೆತ್ತಿದಳು. ಹಾಗೆಯೇ ಕಟ್ಟೆಯಿಂದ ಇಳಿದು ಅವರ ಕಡೆ ಓಡಿದಳು.

ಬಿಳಿ ವ್ಯಾನು. ಅದರ ಮುಂದೆ ಬರೆಯಲಾರೆ.

ಆಂಬುಲೆನ್ಸು ಬಂದಾಗ ಮಗುವಿಗೆ ಎಚ್ಚರವಿರಲಿಲ್ಲ, ಉಸಿರಿತ್ತು. ತಾಯಿ ಒಳಗೆ ಹತ್ತಿದಳು, ಏಪ್ರನ್ ಮೇಲೆ ಆಲೂಗಡ್ಡೆಯ ಸಿಪ್ಪೆ ಅಂಟಿಕೊಂಡೇ ಇತ್ತು. ಅವರಪ್ಪನೂ ಹತ್ತಿದರು. ಮೀನಿನ ಚೀಲಗಳು ರಸ್ತೆಯ ಅಂಚಿನಲ್ಲಿ ಉಳಿದವು. ಇನ್ನು ಸ್ವಲ್ಪ ಹೊತ್ತಿಗೆ ಶಬ್ಬಸ್, ವಾಹನ ಹತ್ತಕೂಡದು, ಇವರು ಏನು ಮಾಡುತ್ತಾರೋ ಎಂಬ ಮಂಕು ಯೋಚನೆ ಆ ಹೊತ್ತಿನಲ್ಲೂ ನನಗೆ ಬಂದಿತ್ತು. ಅವರು ಅರೆಗಳಿಗೆಯೂ ತಡೆಯಲಿಲ್ಲ. ಪ್ರಾಣದ ಪ್ರಶ್ನೆ ಬಂದರೆ ಅವರಲ್ಲಿ ಎಲ್ಲ ನಿಷೇಧವೂ ಬದಿಗೆ, ಬದಿಗಿಡದಿದ್ದರೇ ತಪ್ಪು. ಇದನ್ನು ನಾನು ತಿಳಿದದ್ದು ಆಮೇಲೆ.

ನಾನು ಅವರ ಮನೆಗೆ ವಾಪಸು ಬಂದೆ, ಮನೆ ತೆರೆದೇ ಇತ್ತಲ್ಲ. ರಿಪೇರಿಯವನು ನಮ್ಮ ಹಿಂದೆಯೇ ಓಡಿಬಂದು ಎಲ್ಲ ನೋಡಿದ್ದ. ಈಗ ಮತ್ತೆ ಬಾಯ್ಲರ್ ಮುಂದೆ ಮಂಡಿಯೂರಿ ಕೂತು, ಅಂಗೈಯಿಂದ ಮೂಗು ಒರೆಸಿಕೊಳ್ಳುತ್ತಾ ಸ್ಕ್ರೂ ತಿರುಗಿಸುತ್ತಿದ್ದ. "ಉಳಿದ ಮಕ್ಕಳಿಗೆ ಚಳಿಯಾಗುತ್ತಲ್ಲ, ಲವ್," ಎಂದ. ಕೊನೆಗೂ ಉರಿ ಹತ್ತಿತು. ಅವನು ಹೊರಡುವಾಗ ನನ್ನ ಹೆಗಲು ತಟ್ಟಲು ಕೈ ಎತ್ತಿ, ಏನನ್ನಿಸಿತೋ, ಹಾಗೇ ಇಳಿಸಿದ.

ಸೂರ್ಯ ಮುಳುಗುವ ಮುಂಚೆ ಅಜ್ಜಿ, ಅಂದರೆ ಅವರಪ್ಪನ ತಾಯಿ, ಮೂರು ಮಕ್ಕಳನ್ನೂ ಕರೆದುಕೊಂಡು ಬಂದರು. ಸುದ್ದಿ ಮುಟ್ಟಿತ್ತು. ಹತ್ತು ವರ್ಷದ ದೊಡ್ಡವಳು ಸ್ಟೂಲು ಎಳೆದುಕೊಂಡು ಅಮ್ಮನ ಬದಲಿಗೆ ಮೇಣದಬತ್ತಿ ಹಚ್ಚಿದಳು. ಎರಡು ಕೈಗಳಿಂದ ಮುಖ ಮುಚ್ಚಿಕೊಂಡು ಮಂತ್ರ ಹೇಳಿದವಳು ಕೈ ತೆಗೆಯಲೇ ಇಲ್ಲ. ಅಜ್ಜಿ ಅವಳ ಕೈಗಳನ್ನು ಮೆಲ್ಲಗೆ ಬಿಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಕೋಪವಿಲ್ಲದೆ, ಬರೀ ತಿಳಿದುಕೊಳ್ಳಲು ಕೇಳುವವರಂತೆ ಕೇಳಿದರು:

"ನೀನು ಕೂತಿದ್ದೆ ಅಲ್ವಾ?"

"ಕೂತಿದ್ದೆ," ಎಂದೆ.

ಮಗು ಬದುಕಿತು. ಇದನ್ನು ಮೊದಲೇ ಹೇಳಿಬಿಡಬೇಕಿತ್ತೇನೋ, ಆದರೆ ನಮಗೆ ಅದು ಬೇಗ ತಿಳಿಯಲಿಲ್ಲ. ತಲೆಗೆ ಪೆಟ್ಟಾಗಿತ್ತು, ತೊಡೆಯ ಮೂಳೆ, ಸೊಂಟದ ಮೂಳೆ ಮುರಿದಿದ್ದವು. ಹೊಸ ವರ್ಷ ಹತ್ತಿರ ಬರುವವರೆಗೂ ಕಣ್ಣು ಬಿಡಲಿಲ್ಲ. ಊರೆಲ್ಲ ಶತಮಾನ ತಿರುಗುವುದನ್ನು ಕಾಯುತ್ತಿದ್ದರೆ ನಮ್ಮ ಬೀದಿ ಆ ಮಗುವಿನ ರೆಪ್ಪೆಗಳನ್ನು ಕಾಯುತ್ತಿತ್ತು. ಬೀದಿಯ ಹೆಂಗಸರು ಸರದಿ ಹಾಕಿಕೊಂಡು ಊಟ ಕಳಿಸಿದರು, ಮಕ್ಕಳನ್ನು ಶಾಲೆಗೆ ಬಿಟ್ಟರು. ಯಾರೂ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ.

ನನ್ನ ನಿದ್ದೆ ಹೋಯಿತು. ಮಲಗಿದರೆ ನನ್ನದೇ ಕೂಗು ಕೇಳಿ ಎಚ್ಚರವಾಗುತ್ತಿತ್ತು. ಎದ್ದಮೇಲೆ ಲೆಕ್ಕಾಚಾರ. ಕೂಗದೆ ಓಡಿದ್ದರೆ? ಅವಳ ಹೆಸರು ಹಿಡಿದು, ಅಲ್ಲೇ ನಿಲ್ಲು ಎಂದಿದ್ದರೆ? ಮಿಸ್ಟರ್ ಇಂಥವರೇ ಎಂದು ಮನೆತನದ ಹೆಸರು ಕೂಗಿದ್ದರೆ? ಆ ಹೆಸರು ಅವರ ಬಾಗಿಲ ಮೇಲೇ ಬರೆದಿತ್ತು, ನನಗೆ ಗೊತ್ತಿತ್ತು. ನನ್ನವರು ಪಾಪ, ಆಫೀಸಿನಿಂದ ಹಣ್ಣಾಗಿ ಬಂದವರು ಪಕ್ಕದಲ್ಲಿ ಎದ್ದು ಕೂತು, "ಸಾಕು ಬಿಡೇ, ಎಷ್ಟು ಸಲ ಅಂತ," ಎನ್ನುವರು. ಜಿ.ಪಿ. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಅದು ಹಗಲನ್ನು ಮಂಕು ಮಾಡಿತು, ಅಷ್ಟೇ.

ಮಗುವಿಗೆ ಎಚ್ಚರವಾದ ಮೇಲೆ ಒಂದು ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ತಾಯಿ ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದಳು. ಅಷ್ಟು ತೆಳ್ಳಗಾಗಿದ್ದಳು ಎಂದರೆ ತಲೆಗೆ ಕಟ್ಟಿದ ಸ್ಕಾರ್ಫ್ ಮಾತ್ರ ಮೊದಲಿನದು. ನಾನು ಅವಳ ಕೈ ಹಿಡಿದು, ಹೇಳಬೇಕೆಂದುಕೊಂಡು ಬಂದದ್ದನ್ನೆಲ್ಲ ಶುರುಮಾಡಿದೆ. ಕುರ್ಚಿ, ಬೆನ್ನು, ಕೂಗು.

"ಬೇಡ," ಎಂದಳು. "ನಿನ್ನದಲ್ಲ ಅದು. ನನ್ನ ಮಾತು ಕೇಳು. ನಮ್ಮನೆಯವರಿಗೂ ಮೊನ್ನೆ ತನಕ ಹೇಳಿರಲಿಲ್ಲ."

ಸ್ಕಾರ್ಫಿನ ಅಂಚನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು.

"ನೀನು ಪುಸ್ತಕದ ಮಧ್ಯೆ ಬೆರಳಿಟ್ಕೊಂಡು ಕೂತಿದ್ಯಲ್ಲ. ಅದನ್ನ ನೋಡಿದೆ. ಮನೆಗೆ ಹೋಗಿ ಅಲ್ಲಿಂದಲೇ ಮುಂದಕ್ಕೆ ಓದ್ತಾಳೆ ಅನ್ನಿಸ್ತು. ಯಾರೂ ಕರೆಯಲ್ಲ, ಯಾರೂ ಅಳಲ್ಲ. ನನಗೆ ಆ ಮನೆ ಬೇಕು ಅನ್ನಿಸ್ತು. ನಿನ್ನ ಮನೆ. ಮಕ್ಕಳಿಲ್ಲದ್ದು."

ತನ್ನ ಕೈಯನ್ನು ನನ್ನ ಕೈಯಿಂದ ಬಿಡಿಸಿಕೊಂಡಳು.

"ಇನ್ನೊಬ್ಬರದನ್ನ ಆಸೆಪಡಬಾರದು ಅಂತ ನಮಗಿದೆ. ಕೈಹಾಕೋದು ಬೇರೆ ತಪ್ಪು, ಮನಸ್ಸಲ್ಲೇ ಆಸೆಪಡೋದು ಬೇರೆ ತಪ್ಪು. ತಾನಾಗೇ ಬಂದು ಹೋಗೋ ಯೋಚನೆಗೆ ಯಾರೂ ಲೆಕ್ಕ ಕೇಳಲ್ಲ. ಕೂರಿಸಿ ಉಪಚಾರ ಮಾಡಿದ್ರೆ ಕೇಳ್ತಾರೆ. ನಾನು ಉಪಚಾರ ಮಾಡಿದೆ. ಆಲೂಗಡ್ಡೆ ಸುಲಿಯುವಷ್ಟು ಹೊತ್ತೂ ಮಾಡಿದೆ. ಆ ಮನೇಲಿ ಯಾವ ಕುರ್ಚಿಲಿ ಕೂರ್ತೀನಿ ಅಂತ ಕೂಡ ನೋಡ್ಕೊಂಡೆ. ಅಷ್ಟರಲ್ಲಿ ಅವಳು ಹೊರಗೆ ಹೋದಳು. ಕೇಳಿದ್ದನ್ನ ದೇವರು ಕೊಡೋಕೆ ಶುರುಮಾಡಿದ ಹಾಗೆ."

"ಹಾಗೆಲ್ಲ ಯಾರೂ ಕೊಡಲ್ಲ," ಎಂದೆ. ನನ್ನ ಧ್ವನಿ ಒರಟಾಗಿತ್ತು. ನನ್ನ ಬರಿದಾದ ಮನೆಯನ್ನು ಒಬ್ಬರು ಆಸೆಪಟ್ಟಿದ್ದರು. ಎರಡು ಸಲ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದು ನಾನು ಕೂತ ಕುರ್ಚಿಯನ್ನು. ಆ ನೋವು ಅವಳಿಗೆ ಗೊತ್ತಾಗಬಾರದೆಂದು ನೀರು ತರುವ ನೆಪ ಮಾಡಿ ಎದ್ದೆ. ಮರಳಿ ಬಂದಾಗ ಅವಳು ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ನಿದ್ದೆಯಲ್ಲ. ಅವಳೂ ಮಲಗುತ್ತಿರಲಿಲ್ಲ.

ಸಂಕ್ರಾಂತಿಗೆ ಡಿಡ್ಸ್‌ಬರಿಯ ಡಾಕ್ಟರೊಬ್ಬರ ಮನೆಯಲ್ಲಿ ಕನ್ನಡದವರೆಲ್ಲ ಸೇರಿದ್ದೆವು. ಎಳ್ಳು ಬೆಲ್ಲ ಹಂಚುವಾಗ ಮಾತು ಅಲ್ಲಿಗೇ ಬಂತು.

"ಏನ್ರೀ ಅದು, ಬಾಗಿಲು ತೆಗೆದಿಡಬೇಕಂತೆ, ತಲೆ ತಗ್ಗಿಸಿ ನಡೀಬೇಕಂತೆ," ಎಂದರು ಮನೆಯಾಕೆ. "ಆ ಹುಚ್ಚು ರೂಲ್ಸ್‌ನಿಂದಾನೇ ಮಗು ಹೋಗ್ತಿತ್ತಲ್ಲ. ಇಷ್ಟು ಓದಿದ್ದೀರಿ, ನೀವೂ ಹೋಗಿ ಕೂತ್ರಾ?"

"ಕೂತೆ," ಎಂದೆ.

"ಎಜುಕೇಟೆಡ್ ಆಗಿ..."

"ನಿಮ್ಮತ್ತೆ ಬಂದಾಗ ಮೂರು ದಿನ ನೀವು ಯಾವ ರೂಮಲ್ಲಿ ಮಲಗ್ತೀರಿ ಮೇಡಂ?" ಎಂದುಬಿಟ್ಟೆ.

ಸುತ್ತ ಕೂತವರಲ್ಲಿ ಒಬ್ಬರು ಕಿಸಕ್ಕೆಂದರು. ಮನೆಯಾಕೆಯ ಮುಖ ಕೆಂಪಾಯಿತು. ಬಸ್ಸಿನಲ್ಲಿ ವಾಪಸು ಬರುವಾಗ ನನ್ನವರು, "ಅವರು ಹೇಳಿದ್ದು ಪೂರ್ತಿ ಸುಳ್ಳೇನಲ್ಲ," ಎಂದರು.

"ಗೊತ್ತು ರೀ. ಆದ್ರೆ ಅದನ್ನ ಹೇಳೋ ಹಕ್ಕು ಅವರಿಗಿಲ್ಲ."

ಯಾರಿಗಿತ್ತೋ ನನಗೂ ತಿಳಿಯದು. ನಿಯಮವನ್ನು ಬೈದರೆ ನನಗೆ ಸುಲಭವಾಗುತ್ತಿತ್ತು. ಆದರೆ ಬೂಟಿಟ್ಟು ತೆರೆದ ಆ ಬಾಗಿಲಿನಿಂದಲೇ ಅಲ್ಲವೇ ನಾನೂ ಎರಡು ವರ್ಷ ಆ ಮನೆಗೆ ಹೊಕ್ಕು ಬಳಸಿದ್ದು.

ಫೆಬ್ರವರಿಯಲ್ಲಿ ಅವರಪ್ಪ ನಮ್ಮ ಮನೆಗೆ ಬಂದರು. ನನ್ನವರು ಮನೆಯಲ್ಲಿದ್ದ ಭಾನುವಾರ ನೋಡಿಕೊಂಡೇ ಬಂದರು. ಒಳಗೆ ಕೂರಲಿಲ್ಲ, ಹೊಸ್ತಿಲಲ್ಲೇ ನಿಂತು ಟೋಪಿ ಕೈಯಲ್ಲಿ ತಿರುವುತ್ತಾ ಬಾಗಿಲ ಚೌಕಟ್ಟಿಗೆ ಹೇಳಿದರು.

"ನಿಮ್ಮ ಹೆಂಡತಿ ನಿದ್ದೆ ಮಾಡ್ತಿಲ್ಲ ಅಂತ ಗೊತ್ತಾಯಿತು. ಅವರಿಗೊಂದು ವಿಷಯ ಹೇಳಬೇಕಿತ್ತು. ವ್ಯಾನಿನವನು ಪೊಲೀಸರಿಗೆ ಹೇಳಿದಾನೆ, ಕೂಗು ಕೇಳಿದ ಕೂಡಲೇ ಬ್ರೇಕ್ ಒತ್ತಿದೆ ಅಂತ. ಮಗು ಇಳಿಯೋಕೆ ಮುಂಚೆ. ಅವನು ಅವಳನ್ನ ನೋಡೇ ಇರಲಿಲ್ಲ. ಕೂಗಿಲ್ಲದಿದ್ದರೆ ಅದೇ ವೇಗದಲ್ಲಿ ಬರ್ತಿದ್ದ."

"ಕೂಗಿಲ್ಲದಿದ್ದರೆ ಅವಳು ಇಳೀತಾನೇ ಇರಲಿಲ್ಲ," ಎಂದೆ.

"ಮೂರು ವರ್ಷದ ಮಗು ಅಲ್ಲಿ ಎಷ್ಟು ಹೊತ್ತು ನಿಂತಿರುತ್ತೆ? ನಾನಂತೂ ದಾಟಿ ಹೋಗಿಬಿಡ್ತಿದ್ದೆ." ಟೋಪಿ ತಿರುವುವುದು ನಿಂತಿತು. "ನನ್ನ ರಬ್ಬಿ ಹತ್ರ ಹೋಗಿ ಎಲ್ಲ ಹೇಳಿದೆ. ಎಂದೂ ಜೋರಾಗಿ ಮಾತಾಡದವರು ಎದ್ದು ನಿಂತು ಬೈದರು. ಕಣ್ಣು ಕಾಯೋದು ಅಂದ್ರೆ ಕುರುಡನ ಹಾಗೆ ನಡೆಯೋದು ಅಂತ ನಿನಗೆ ಯಾರು ಹೇಳಿದ್ದು? ಅಂಥವರನ್ನ ನೋಡಿ ನಮ್ಮ ಹಿಂದಿನವರೇ ನಕ್ಕಿದಾರೆ. ರಸ್ತೇಲಿ ರಸ್ತೆ ನೋಡು, ಮಕ್ಕಳನ್ನ ನೋಡು, ಇದು ಅಪ್ಪಣೆ ಅಂದರು. ಆಮೇಲೆ ಅವರೂ ಅತ್ತರು."

"ನಿಮ್ಮ ಹೆಂಡತಿಗೆ? ಅವಳ ವಿಷಯ ಕೇಳಿದ್ರಾ?" ಎಂದೆ.

"ಕೇಳಿದೆ. ಯೋಚನೆಗೆ ವ್ಯಾನು ಕಳಿಸೋ ದೇವರನ್ನ ನಮ್ಮ ಶಾಸ್ತ್ರ ಕಂಡಿಲ್ಲ ಅಂತ ಹೇಳು ಅಂದರು. ಹೇಳಿದೆ. ತಲೆಯಾಡಿಸಿದಳು. ನಂಬಲಿಲ್ಲ."

ಅವರು ಅಳುತ್ತಿದ್ದರು. ಆಗಲೂ ನೋಟ ಚೌಕಟ್ಟಿನ ಮೇಲೇ ಇತ್ತು. ನನ್ನವರು ಅವರ ತೋಳು ಹಿಡಿದು ಗೇಟಿನವರೆಗೆ ಬಿಟ್ಟು ಬಂದರು.

ವ್ಯಾನಿನವನ ಮಾತು ನನಗೆ ಸಮಾಧಾನ ಕೊಡಬೇಕಿತ್ತು. ಕೊಡಲಿಲ್ಲ. ನನ್ನ ಲೆಕ್ಕಕ್ಕೆ ಇನ್ನೊಂದು ಕವಲು ಸೇರಿತು, ಅಷ್ಟೇ.

ಮಗು ಮನೆಗೆ ಬಂದದ್ದು ಅವರ ವಸಂತದ ಹಬ್ಬಕ್ಕೆ ಸ್ವಲ್ಪ ಮುಂಚೆ. ಬೀದಿಯಲ್ಲೆಲ್ಲ ಮನೆ ತೊಳೆಯುವ ಗಡಿಬಿಡಿ. ಅಪ್ಪ ಎತ್ತಿಕೊಂಡು ಇಳಿಸಿದರು. ಒಂದು ಕಾಲು ಗಿಡ್ಡವಾಗಿತ್ತು, ಬಲಗಿವಿ ಕೇಳುತ್ತಿರಲಿಲ್ಲ. ಮುಂದೆ ಬೆಳೆಯುತ್ತಾ ಇನ್ನೂ ಆಪರೇಷನ್‌ಗಳು ಬೇಕೆಂದು ಹೇಳಿದ್ದರಂತೆ. ತಾಯಿ ನನ್ನನ್ನು ಕಂಡರೆ ಮಾತನಾಡಿಸುತ್ತಿದ್ದಳು, ಕೇಕು ಕಳಿಸುತ್ತಿದ್ದಳು. ಆದರೆ ಬೇಲಿಯ ಹತ್ತಿರ ನಿಲ್ಲುತ್ತಿರಲಿಲ್ಲ. ರಿಪೇರಿಯವರು ಬಂದರೆ ಈಗ ಅತ್ತೆ ಬಂದು ಕೂರುತ್ತಿದ್ದರು, ಬಾಗಿಲಿಗೆ ಎತ್ತರದಲ್ಲಿ ಸರಪಳಿ ಹಾಕಿಸಿದ್ದರು. ನನ್ನ ಮನೆಯ ಒಳಕ್ಕೆ ಅವಳು ಆಮೇಲೆ ಬರಲೇ ಇಲ್ಲ. ಬಾಗಿಲಲ್ಲಿ ನಿಂತು ಒಳಗೆ ಕಣ್ಣು ಹಾಯಿಸದೆ ಮಾತಾಡಿ ಹೋಗುವಳು. ಏಕೆಂದು ನನಗೆ ಮಾತ್ರ ಗೊತ್ತಿತ್ತು. ಆ ಸ್ನೇಹದ ನಗು ಮತ್ತೆ ಸಿಗಲಿಲ್ಲ.

ಆಗಸ್ಟಿನ ಒಂದು ಬುಧವಾರ ಅವಳು ಬಂದಳು. ಹಲ್ಲು ಬಾತು ಕೆನ್ನೆ ಊದಿತ್ತು. ಅತ್ತೆ ಊರಲ್ಲಿರಲಿಲ್ಲ.

"ಡೆಂಟಿಸ್ಟ್ ಈಗಲೇ ಬಾ ಅಂದಿದಾರೆ," ಎಂದಳು. ಪಕ್ಕದಲ್ಲಿ ಮಗು ಕೋಲು ಹಿಡಿದು ನಿಂತಿತ್ತು. "ಇವಳನ್ನ ನಿನ್ನ ಹತ್ರ..." ಅಲ್ಲಿಗೇ ನಿಂತಳು.

"ನನ್ನ ಹತ್ರಾನಾ?" ಎಂದೆ.

"ಇನ್ಯಾರ ಹತ್ರ ಬಿಡಲಿ," ಎಂದಳು. ಹಲ್ಲುನೋವಿಗೋ ಏನೋ ಕಣ್ಣಲ್ಲಿ ನೀರಿತ್ತು. ಮಗುವಿನ ಕೈಯನ್ನು ತಾನೇ ನನ್ನ ಕೈಗಿಟ್ಟು, ತಿರುಗಿ ನೋಡದೆ ಹೋದಳು.

ಬಾಗಿಲಿಗೆ ಬೀಗ ಹಾಕಿದೆ. ಕಿಟಕಿಗಳನ್ನೂ ಹಾಕಿದೆ, ಬೇಸಿಗೆಯಲ್ಲಿ. ಕಾಗದ, ಬಣ್ಣದ ಪೆನ್ಸಿಲುಗಳನ್ನು ಕೊಟ್ಟು ಅವಳ ಎದುರೇ ಕೂತೆ. ಅವಳು ಕುದುರೆಯೋ ನಾಯಿಯೋ ಒಂದನ್ನು ಬರೆದಳು, ಇನ್ನೊಂದನ್ನು ಬರೆದಳು, ಆಮೇಲೆ ಪೆನ್ಸಿಲು ಕೆಳಗಿಟ್ಟು ಹುಬ್ಬು ಗಂಟಿಕ್ಕಿದಳು.

"ಮಿಸೆಸ್ ನೆಕ್ಸ್ಟ್‌ಡೋರ್, ಯಾಕೆ ನನ್ನನ್ನೇ ನೋಡ್ತಿದೀಯ? ನಿನಗೆ ಬೇರೆ ಕೆಲಸ ಇಲ್ವಾ?"

"ಇಲ್ಲ."

"ನನಗೆ ಹೀಗೆ ನೋಡಿದ್ರೆ ಕೋಪ ಬರುತ್ತೆ. ಆ ಕಡೆ ನೋಡು."

ಆ ಕಡೆ ನೋಡಿದೆ. ಎಷ್ಟು ಹೊತ್ತು ಎಂದು ಹೇಳಲಾರೆ. ಪೆನ್ಸಿಲು ಕಾಗದದ ಮೇಲೆ ಗೀಚುವ ಸದ್ದು ಕೇಳಿಸುತ್ತಲೇ ಇತ್ತು. ತಿರುಗಿದಾಗ ಅವಳು ಅಲ್ಲೇ ಇದ್ದಳು, ನಾಲಗೆಯ ತುದಿ ಹೊರಗೆ ಚಾಚಿ ನಾಯಿಗೆ ಐದನೆಯ ಕಾಲು ಬರೆಯುತ್ತಿದ್ದಳು.

ತಾಯಿ ಹೇಳಿದ್ದಕ್ಕಿಂತ ತಡವಾಗಿ ಬಂದಳು. ಬಾಯಲ್ಲಿ ಹತ್ತಿ ಇದ್ದುದರಿಂದ ಮಾತಿಲ್ಲ. ಮಗುವನ್ನು ನೋಡಿದಳು, ನನ್ನನ್ನು ನೋಡಿದಳು, ನನ್ನ ತೋಳನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು. ಅವರು ಹೋದಮೇಲೆ ನಾನು ಕಿಟಕಿಗಳನ್ನೆಲ್ಲ ತೆಗೆದೆ. ಸಂಜೆ ಅನ್ನ ಸಾರು ಮಾಡಿ, ಉಂಡು, ಮಲಗಿದೆ.

ಎಚ್ಚರವಾದಾಗ ಬಿಸಿಲು ಬಿದ್ದಿತ್ತು. ನನ್ನವರು ಆಫೀಸಿನ ಬಟ್ಟೆಯಲ್ಲಿ, ಕಾಫಿ ಲೋಟ ಹಿಡಿದು ಮಂಚದ ಪಕ್ಕ ನಿಂತಿದ್ದರು.

"ರಾತ್ರಿ ನೀನು ಏಳಲೇ ಇಲ್ಲ ಕಣೇ," ಎಂದರು. "ನಾನೇ ಹೆದರಿ ಎರಡು ಸಲ ಎದ್ದು ನೋಡಿದೆ."

"ಹೌದಾ?" ಎಂದೆ.

ಗೋಡೆಯಾಚೆ ಪಕ್ಕದ ಮನೆಯ ಮೆಟ್ಟಿಲಿಳಿಯುವ ಸದ್ದು ಕೇಳಿಸುತ್ತಿತ್ತು. ಒಂದು ಹೆಜ್ಜೆ ಜೋರು, ಒಂದು ಮೆಲ್ಲಗೆ, ನಡುನಡುವೆ ಕೋಲು. ಕೊನೆಯ ಮೆಟ್ಟಿಲವರೆಗೂ ಕೇಳಿಸಿಕೊಂಡು, ಎದ್ದು ಕೂತು ಲೋಟಕ್ಕೆ ಕೈ ಚಾಚಿದೆ.